ದಂತವೈದ್ಯ ಶಿಕ್ಷಣ: ಊರು ಬಿಡುವ ಮುನ್ನ

ನೀಟ್ ಪರೀಕ್ಷೆಯ ಫಲಿತಾಂಶ ಪ್ರಕಟವಾದ ನಂತರದ ವಾರಗಳಲ್ಲಿ ನಮ್ಮ ಮಸೀದಿಗಳ ಅಂಗಳದಲ್ಲೂ ಮದುವೆ ಮನೆಗಳಲ್ಲೂ ಪ್ರತಿವರ್ಷ ಒಂದೇ ಮಾತು ಕೇಳಿಬರುತ್ತದೆ. ಎಂಬಿಬಿಎಸ್‌ಗೆ ಬೇಕಾದಷ್ಟು ಅಂಕ ಬಂದಿಲ್ಲ, ಬಿಡಿಎಸ್ ಸಿಗಬಹುದು. ಇಲ್ಲೇ ಸೇರಿಸುವುದೋ, ಹೊರದೇಶಕ್ಕೆ ಕಳುಹಿಸುವುದೋ? ನಾವು ವೈದ್ಯರಲ್ಲ. ಆದರೂ ಮಕ್ಕಳಿಗೆ ಅಲಿಫ್, ಬಾ ಕಲಿಸಿದವರೆಂಬ ಸಲುಗೆಯಿಂದ ಹೆತ್ತವರು ಈ ಪ್ರಶ್ನೆಯನ್ನು ನಮ್ಮ ಬಳಿಗೂ ತರುತ್ತಾರೆ.

ಕಳೆದ ವರ್ಷ ಅಸರ್ ನಮಾಝಿನ ಬಳಿಕ ಒಬ್ಬ ತಂದೆ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಇಪ್ಪತ್ತು ವರ್ಷಗಳಿಂದ ಕೊಲ್ಲಿ ನಾಡಿನಲ್ಲಿ ದುಡಿಯುತ್ತಿರುವವರು. ಒಂದು ತಿಂಗಳ ರಜೆಯ ಮೇಲೆ ಊರಿಗೆ ಬಂದಿದ್ದರು. ಕೈಯಲ್ಲಿ ಒಂದು ಫೈಲು, ಅದರೊಳಗೆ ಏಜೆಂಟನೊಬ್ಬ ಕೊಟ್ಟ ಬಣ್ಣದ ಕರಪತ್ರ.

"ಉಸ್ತಾದರೇ, ಹತ್ತು ಸೆಂಟ್ಸ್ ಜಾಗ ಉಂಟು. ಅದನ್ನು ಮಾರಿದರೆ ಇವನ ಐದು ವರ್ಷದ ಖರ್ಚು ಆಗ್ತದೆ. ನೀವೊಂದು ಇಸ್ತಿಖಾರ ಮಾಡಿ ಹೇಳಬೇಕು" ಎಂದರು.

ಆ ಜಾಗ ಅವರ ಇಡೀ ಜೀವಮಾನದ ಉಳಿತಾಯವಾಗಿತ್ತು. ಮನೆಯಲ್ಲಿ ಹತ್ತನೆಯ ತರಗತಿಯಲ್ಲಿ ಓದುವ ಮಗಳೂ ಇದ್ದಳು. ಮಗ ಬೆಂಚಿನ ಅಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಅಂದು ನಾವು ಆ ತಂದೆಗೆ ಹೇಳಿದ ಮಾತುಗಳನ್ನೂ ಅಂದು ಹೇಳಲು ಮರೆತ ಕೆಲವನ್ನೂ ಇಲ್ಲಿ ಬರೆಯುತ್ತಿದ್ದೇವೆ. ಏಕೆಂದರೆ ಆ ಫೈಲು ಒಂದು ಮನೆಯದಲ್ಲ.

ಕರಪತ್ರದ ಮೊದಲ ಪುಟದಲ್ಲೇ, ವಿದ್ಯೆಗಾಗಿ ಚೀನಾದವರೆಗಾದರೂ ಹೋಗಬೇಕೆಂಬ ಮಾತನ್ನು ಪ್ರವಾದಿವರ್ಯರ(ಸ) ವಚನವೆಂದು ಅಚ್ಚು ಹಾಕಲಾಗಿತ್ತು. ಈ ಮಾತು ನಮ್ಮ ಜನರ ನಾಲಿಗೆಯ ಮೇಲೆ ಚೆನ್ನಾಗಿ ನೆಲೆಯೂರಿದೆ. ಆದರೆ ಹದೀಸ್ ವಿದ್ವಾಂಸರು ಇದನ್ನು ಒಪ್ಪಿಲ್ಲ. ಇಬ್ನುಲ್ ಜೌಝಿಯವರು ಕಲ್ಪಿತ ಹದೀಸ್‌ಗಳ ಸಂಗ್ರಹದಲ್ಲಿ ಇದನ್ನು ಸೇರಿಸಿದ್ದಾರೆ. ಜ್ಞಾನದ ಹಾದಿ ಹಿಡಿದವನಿಗೆ ಸ್ವರ್ಗದ ಹಾದಿ ಸುಗಮವಾಗುತ್ತದೆಂಬ ಆಶಯದ ಪ್ರಬಲ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಆದುದರಿಂದ ಜ್ಞಾನಕ್ಕಾಗಿ ಪ್ರಯಾಣ ಮಾಡುವುದು ಶ್ರೇಷ್ಠವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಪ್ರಯಾಣಕ್ಕೂ ನಮ್ಮ ಪೂರ್ವಿಕರು ಒಂದು ಕ್ರಮವನ್ನು ಇಟ್ಟುಕೊಂಡಿದ್ದರು. ಹದೀಸ್ ಕಲಿಯುವವನು ಮೊದಲು ತನ್ನ ಊರಿನ ಗುರುಗಳ ಬಳಿ ಇರುವುದನ್ನು ಕಲಿತು ಮುಗಿಸಬೇಕು, ಆಮೇಲೆ ಊರು ಬಿಡಬೇಕು ಎಂದು ಖತೀಬುಲ್ ಬಗ್ದಾದಿಯವರಂಥ, ಇಬ್ನುಸ್ಸಲಾಹ್‌ರಂಥ ವಿದ್ವಾಂಸರು ಬರೆದರು. ಇಮಾಮ್ ಬುಖಾರಿಯವರು ಬಾಲ್ಯದಲ್ಲಿ ಬುಖಾರಾದ ಗುರುಗಳಿಂದ ಕಲಿತು, ಸುಮಾರು ಹದಿನಾರರ ಪ್ರಾಯದಲ್ಲಿ ತಾಯಿ ಮತ್ತು ಅಣ್ಣನೊಂದಿಗೆ ಹಜ್ಜಿಗೆ ಹೊರಟು, ಅಲ್ಲಿಂದ ಜ್ಞಾನಯಾತ್ರೆಯನ್ನು ಮುಂದುವರಿಸಿದರು. ಇಮಾಮ್ ಮಾಲಿಕ್‌ರಾದರೋ ಮದೀನಾದಲ್ಲೇ ಉಳಿದರು. ಲೋಕವೇ ಅವರ ಬಳಿಗೆ ಬಂತು. ಊರಿನಲ್ಲಿ ಏನಿದೆ, ಏನಿಲ್ಲ ಎಂಬ ಅರಿವೇ ಇಬ್ಬರ ನಿರ್ಧಾರಕ್ಕೂ ಆಧಾರವಾಗಿತ್ತು.

ದಂತವೈದ್ಯಕ್ಕೂ ಈ ಮಾತು ಅನ್ವಯಿಸುತ್ತದೆ. ಡಾ. ರಫೀಉದ್ದೀನ್ ಅಹ್ಮದ್ ಅವರ ಜೀವನವೇ ಅದಕ್ಕೆ ಸಾಕ್ಷಿ. ಪೂರ್ವ ಬಂಗಾಳದಲ್ಲಿ ಹುಟ್ಟಿ ಅಲಿಗಢದಲ್ಲಿ ಓದಿದ ಅವರು ಅಮೆರಿಕಕ್ಕೆ ಹೋಗಿ, 1915ರಲ್ಲಿ ಅಯೋವಾ ವಿಶ್ವವಿದ್ಯಾನಿಲಯದಿಂದ ದಂತವೈದ್ಯ ಪದವಿ ಪಡೆದರು. ಆಗ ನಮ್ಮ ದೇಶದಲ್ಲಿ ಈ ವಿದ್ಯೆಗೆಂದೇ ಒಂದು ಕಾಲೇಜು ಇರಲಿಲ್ಲ. ಆದುದರಿಂದ ಅವರು ಹೋಗಲೇಬೇಕಾಗಿತ್ತು. ಆದರೆ ಹೋದವರು ಅಲ್ಲೇ ಉಳಿಯಲಿಲ್ಲ. ಮರಳಿ ಬಂದು 1920ರಲ್ಲಿ ಕಲ್ಕತ್ತಾದಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. 1949ರಲ್ಲಿ ಅದನ್ನು ಸರ್ಕಾರಕ್ಕೆ ದಾನವಾಗಿ ಕೊಟ್ಟರು. ಇಂದು ಅದು ಅವರದೇ ಹೆಸರಿನಲ್ಲಿದೆ. ತಮ್ಮ ನಂತರದವರು ಇದೇ ವಿದ್ಯೆಗಾಗಿ ಕಡಲು ದಾಟುವ ಅಗತ್ಯ ಬೀಳದಿರಲೆಂದು ದುಡಿದ ಹಿರಿಯರಿವರು.

ಇಂದಿನ ಕರ್ನಾಟಕದಲ್ಲಿ ಆ ಕೊರತೆಯಿಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜಿದೆ. ಮಂಗಳೂರು, ಮಣಿಪಾಲ, ದೇರಳಕಟ್ಟೆಗಳ ಕಾಲೇಜುಗಳಿಗೆ ದೇಶದ ನಾನಾ ಕಡೆಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ವಿಜಯಪುರದ ಅಲ್-ಅಮೀನ್, ಕಲಬುರಗಿಯ ಅಲ್-ಬದರ್, ಮಂಗಳೂರಿನ ಯೆನೆಪೋಯದಂಥ ಕಾಲೇಜುಗಳನ್ನು ನಮ್ಮ ಸಮುದಾಯದವರೇ ಕಟ್ಟಿದ್ದಾರೆ. ಹೀಗಿರುವಾಗ ಊರು ಬಿಡಬೇಕೆನ್ನುವವರು ಮೊದಲು ಒಂದು ಪ್ರಶ್ನೆಗೆ ಉತ್ತರಿಸಬೇಕು: ಇಲ್ಲಿ ಸಿಗದ ಯಾವ ವಿದ್ಯೆಯನ್ನು ಅರಸಿ ಹೊರಟಿದ್ದೀರಿ?

ದಂತವೈದ್ಯವು ಪುಸ್ತಕದಿಂದ ಮಾತ್ರ ಬರುವ ವಿದ್ಯೆಯಲ್ಲ, ಅದು ಕೈಕಸುಬೂ ಹೌದು. ಬಿಡಿಎಸ್‌ನ ಮೊದಲೆರಡು ವರ್ಷ ವಿದ್ಯಾರ್ಥಿಗಳು ಮೇಣದಲ್ಲಿ ಹಲ್ಲು ಕೆತ್ತುತ್ತಾರೆ, ಬೊಂಬೆಯ ತಲೆಯೊಳಗೆ ಕೂರಿಸಿದ ಹಲ್ಲುಗಳ ಮೇಲೆ ಕೈ ಪಳಗಿಸುತ್ತಾರೆ. ಮೂರು ಮತ್ತು ನಾಲ್ಕನೆಯ ವರ್ಷ ಎದುರಿಗೆ ನಿಜವಾದ ರೋಗಿ ಬಂದು ಕೂರುತ್ತಾನೆ. ಹಲ್ಲು ಕೀಳುವುದು, ಹುಳುಕು ತುಂಬುವುದು, ಕೃತಕ ದಂತಪಂಕ್ತಿ ಅಳವಡಿಸುವುದು, ಎಲ್ಲವೂ ಆಗ ಕೈಗೆ ಹತ್ತಬೇಕು. ಐದನೆಯದು ಇಂಟರ್ನ್‌ಶಿಪ್‌ನ ವರ್ಷ. ಈ ಕಲಿಕೆಯಲ್ಲಿ ರೋಗಿಯೇ ಅರ್ಧ ಗುರು. ನೋವು ಎಂದಿನಿಂದ ಇದೆ, ರಾತ್ರಿ ಹೆಚ್ಚುತ್ತದೆಯೇ, ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆಯೇ ಎಂದು ಕೇಳಿ ತಿಳಿಯಲು ಭಾಷೆ ಬೇಕು. ತರಗತಿಯ ಪಾಠ ಇಂಗ್ಲಿಷಿನಲ್ಲಿ ನಡೆದರೂ ಕುರ್ಚಿಯ ಮೇಲೆ ಕುಳಿತ ಅಜ್ಜಿ ತನ್ನ ನಾಡಿನ ಮಾತನ್ನೇ ಆಡುತ್ತಾಳೆ. ಇಲ್ಲಿ ಆ ಮಾತು ಕನ್ನಡ, ತುಳು, ಬ್ಯಾರಿ ಅಥವಾ ಉರ್ದು. ನಮ್ಮ ಮಕ್ಕಳಿಗೆ ಮನೆಯಲ್ಲೇ ಬಂದದ್ದು. ಅಲ್ಲಿನ ಭಾಷೆ ಬಾರದ ವಿದ್ಯಾರ್ಥಿ ಹಿರಿಯ ವೈದ್ಯರ ಹಿಂದೆ ನಿಂತು ನೋಡುವವನಾಗಿಯೇ ಉಳಿಯುವ ಅಪಾಯವಿದೆ.

ರೋಗವೂ ನಾಡಿನಿಂದ ನಾಡಿಗೆ ಬೇರೆ. ನಮ್ಮಲ್ಲಿ ಎಲೆ ಅಡಿಕೆ, ಗುಟ್ಕಾ ಜಗಿಯುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಸೇರದ ಬರಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆಯ ಚಟದಿಂದ ಬಾಯಿಯ ಒಳಪದರ ಗಡುಸಾಗಿ, ದಿನಗಳೆದಂತೆ ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯಲಾಗದ ಸ್ಥಿತಿ ಬರುತ್ತದೆ. ಅದೇ ಕ್ಯಾನ್ಸರಿಗೆ ಮುನ್ಸೂಚನೆಯೂ ಆಗಬಹುದು. ಇಂಥ ಬಾಯಿಗಳನ್ನು ಇಲ್ಲಿನ ವಿದ್ಯಾರ್ಥಿ ಓದುವಾಗಲೇ ಕಣ್ಣಾರೆ ಕಾಣುತ್ತಾನೆ. ಅಡಿಕೆಯ ಬಳಕೆಯೇ ಇಲ್ಲದ ನಾಡಿನಲ್ಲಿ ಓದಿ ಬಂದವನಿಗೆ ಅದು ಪುಸ್ತಕದ ಚಿತ್ರವಷ್ಟೆ. ವೈದ್ಯವನ್ನು ಸರಿಯಾಗಿ ಅರಿಯದೆ ಚಿಕಿತ್ಸೆಗೆ ಕೈ ಹಾಕಿದವನು ಅದರ ಹಾನಿಗೆ ಹೊಣೆಗಾರನಾಗುತ್ತಾನೆಂಬುದು ಹದೀಸಿನ ಆಶಯ. ಆದುದರಿಂದ ಯಾರ ಬಾಯಿಗೆ ಚಿಕಿತ್ಸೆ ನೀಡಲಿದ್ದಾನೋ ಅವರ ನಡುವೆ ಕಲಿಯುವುದು ಮೇಲು.

ಇನ್ನು ಕಾನೂನಿನ ಮಾತು. ವಿದೇಶದ ಬಿಡಿಎಸ್ ಪದವಿ ಹಿಡಿದು ಬಂದವರು ಸಾಮಾನ್ಯವಾಗಿ ಇಲ್ಲಿ ಸ್ಕ್ರೀನಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆ ಬಳಿಕವೇ ರಾಜ್ಯದ ದಂತ ಪರಿಷತ್ತಿನಲ್ಲಿ ನೋಂದಣಿ. ನೋಂದಣಿಯಿಲ್ಲದೆ ಕ್ಲಿನಿಕ್ ತೆರೆಯುವಂತಿಲ್ಲ. ದೇಶದೊಳಗೆ ಕಲಿತವರಿಗೂ ಪದವಿಯ ಕೊನೆಯಲ್ಲಿ ನಿರ್ಗಮನ ಪರೀಕ್ಷೆಯಿರಬೇಕೆಂದು 2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆ ಹೇಳಿದೆ ಎಂಬುದನ್ನೂ ಮರೆಯಬಾರದು. ಆ ಬಣ್ಣದ ಕರಪತ್ರದಲ್ಲಿ ವಿಮಾನ ನಿಲ್ದಾಣದಿಂದ ಹಾಸ್ಟೆಲಿನವರೆಗಿನ ಎಲ್ಲ ವಿವರಗಳೂ ಇದ್ದವು. ಸ್ಕ್ರೀನಿಂಗ್ ಪರೀಕ್ಷೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಐದು ವರ್ಷ ಹೊರಗೆ ಓದಿ ಬಂದು, ಎರಡು ಬಾರಿ ಆ ಪರೀಕ್ಷೆ ಬರೆದು, ಈಗ ಅಣ್ಣನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾ ಮೂರನೆಯ ಬಾರಿಗೆ ಓದುತ್ತಿದ್ದಾನೆ. ಊರಿನವರು ಅವನನ್ನು "ಡಾಕ್ಟರೇ" ಎಂದು ಕರೆಯುತ್ತಾರೆ. ಆ ಕರೆಗೆ ಅವನು ಮುಖ ತಿರುಗಿಸುವುದನ್ನು ನಾವು ಕಂಡಿದ್ದೇವೆ.

ಹಾಗೆಂದು ಇಲ್ಲಿ ಎಲ್ಲವೂ ಸರಿಯಿದೆಯೆಂದು ನಾವು ಹೇಳುವುದಿಲ್ಲ. ನಗರಗಳಲ್ಲಿ ಬೀದಿಗೊಂದು ದಂತ ಚಿಕಿತ್ಸಾಲಯವಿದೆ. ಹೊಸ ಪದವೀಧರರಿಗೆ ಕ್ಲಿನಿಕ್‌ಗಳಲ್ಲಿ ಸಿಗುವ ಸಂಬಳ ಅನೇಕ ಕಡೆ ನಾಚಿಕೆ ಹುಟ್ಟಿಸುವಂಥದ್ದು. ಸರ್ಕಾರಿ ಹುದ್ದೆಗಳು ವಿರಳ. ಸ್ವಂತ ಕ್ಲಿನಿಕ್ ಎಂದರೆ ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ, ಉಪಕರಣ ಶುದ್ಧೀಕರಿಸುವ ಯಂತ್ರ, ಎಲ್ಲದಕ್ಕೂ ಮತ್ತೆ ಹಣ. ಎಲ್ಲ ಕಾಲೇಜುಗಳೂ ಒಂದೇ ಮಟ್ಟದವಲ್ಲ. ಆದುದರಿಂದ ಸೇರುವ ಮುನ್ನ, ಮುನ್ಸೂಚನೆ ಕೊಡದೆ ಒಂದು ಕೆಲಸದ ದಿನ ಬೆಳಗ್ಗೆ ಹತ್ತು ಗಂಟೆಗೆ ಆ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಹೋಗಿ ಕುಳಿತುಕೊಳ್ಳಿ. ರೋಗಿಗಳ ಸಾಲು ಇದೆಯೇ, ವಿದ್ಯಾರ್ಥಿಗಳ ಕೈಗೆ ಕೆಲಸವಿದೆಯೇ ನೋಡಿ. ಕಟ್ಟಡದ ಗಾಜಿಗಿಂತ ಆ ಸಾಲು ಹೆಚ್ಚು ಸತ್ಯ ಹೇಳುತ್ತದೆ. ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಮಾತನಾಡಿಸಿ. ಖಾಸಗಿ ಕಾಲೇಜುಗಳಲ್ಲೂ ಸರ್ಕಾರಿ ಕೋಟಾದ ಸೀಟುಗಳಿವೆ; ಕೋಟಾದಿಂದ ಕೋಟಾಕ್ಕೆ ಶುಲ್ಕ ಬಹಳ ಬೇರೆಯಾಗುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಯನ್ನು ಏಜೆಂಟನ ಬಾಯಿಂದ ಕೇಳದೆ ಸ್ವತಃ ಓದಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆಯನ್ನು ವಿಚಾರಿಸಿ. ಬಡ್ಡಿಯ ಸಾಲಕ್ಕೆ ಅಂಜುವ ಕುಟುಂಬಗಳು ಅದರ ನಿಯಮಗಳನ್ನು ತಿಳಿದ ವಿದ್ವಾಂಸರ ಮುಂದಿಟ್ಟು ಕೇಳಲಿ.

ಹೊರಗೆ ಹೋಗುವುದೇ ಸರಿಯಾದ ಸಂದರ್ಭಗಳೂ ಇವೆ. ಕೊಲ್ಲಿ ನಾಡಿನಲ್ಲೇ ಹುಟ್ಟಿ ಬೆಳೆದು ಅಲ್ಲೇ ಬದುಕು ಕಟ್ಟಿಕೊಳ್ಳಲು ಬಯಸುವ ಮಗು ಅಜ್ಮಾನ್‌ನಲ್ಲೋ ಶಾರ್ಜಾದಲ್ಲೋ ಕಲಿತರೆ ಅದಕ್ಕೊಂದು ಅರ್ಥವಿದೆ. ಆದರೆ ಆ ದೇಶಗಳೂ ತಮ್ಮ ಯುವಕರಿಗೆ ಕೆಲಸ ಕಾಯ್ದಿರಿಸುತ್ತಿವೆ; ಸೌದಿ ಅರೇಬಿಯಾ ದಂತವೈದ್ಯ ವೃತ್ತಿಗೂ ಆ ನಿಯಮವನ್ನು ತಂದಿದೆ. ಇಲ್ಲಿ ಬಿಡಿಎಸ್ ಮುಗಿಸಿದವರಿಗೆ ಹೊರನಾಡಿನ ಬಾಗಿಲು ಮುಚ್ಚುವುದೂ ಇಲ್ಲ. ಬ್ರಿಟನ್ನಿನಲ್ಲಿ ಓಆರ್‌ಇ ಪರೀಕ್ಷೆಯಿದೆ, ಆಸ್ಟ್ರೇಲಿಯಾಕ್ಕೂ ಕೆನಡಾಕ್ಕೂ ತಮ್ಮವೇ ಪರೀಕ್ಷೆಗಳಿವೆ, ಅಮೆರಿಕದಲ್ಲಿ ಪರೀಕ್ಷೆಯ ಜೊತೆಗೆ ಸಾಮಾನ್ಯವಾಗಿ ಮತ್ತೆರಡು ಮೂರು ವರ್ಷ ಅಲ್ಲಿನ ಕಾಲೇಜಿನಲ್ಲಿ ಓದಬೇಕು. ಕಷ್ಟದ ದಾರಿಗಳೇ; ಆದರೆ ಕೈಯಲ್ಲಿ ಒಂದು ವೃತ್ತಿ, ತಲೆಯಲ್ಲಿ ಬುದ್ಧಿ ಬಲಿತ ಇಪ್ಪತ್ಮೂರರ ಪ್ರಾಯದಲ್ಲಿ ಅವನ್ನು ಹಿಡಿಯುವುದಕ್ಕೂ ಹದಿನೆಂಟರ ಹುಡುಗನನ್ನು ಗುರುತಿಲ್ಲದ ನಾಡಿಗೆ ಕಳುಹಿಸುವುದಕ್ಕೂ ವ್ಯತ್ಯಾಸವಿದೆ. 2022ರಲ್ಲಿ ಉಕ್ರೇನಿನ ನೆಲಮಾಳಿಗೆಗಳಿಂದ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಮನೆಗೆ ಮಾಡಿದ ಕರೆಗಳನ್ನು ಇಷ್ಟು ಬೇಗ ಮರೆಯಬಾರದು.

ನಾವು ಕಂಡಂತೆ ಅನೇಕ ಮನೆಗಳಲ್ಲಿ ಈ ಪ್ರಶ್ನೆಯನ್ನು ತೀರ್ಮಾನಿಸುವುದು ವಿದ್ಯೆಯಲ್ಲ, ಮಾನ. ನೆರೆಮನೆಯವರ ಮಗ ವಿಮಾನ ಹತ್ತಿದ್ದಾನೆ, ನಮ್ಮವನು ಬಸ್ಸು ಹತ್ತುವುದೇ ಎಂಬ ಸಂಕಟ. ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ. ಮಗನಿಗೆ ಜಾಗ ಮಾರಲು ಸಿದ್ಧರಾಗುವ ನಾವು, ಅವನಿಗಿಂತ ಹೆಚ್ಚು ಅಂಕ ಪಡೆದ ಮಗಳಿಗೆ ಇದೇ ಜಿಲ್ಲೆಯ ಕಾಲೇಜು ಕೂಡ ದೂರವೆನ್ನುತ್ತೇವೆ. ಬಾಯಿಯ ನೋವಿದ್ದರೂ ಪುರುಷ ವೈದ್ಯರ ಮುಂದೆ ಕೂರಲು ಹಿಂಜರಿದು ಲವಂಗ ಕಚ್ಚಿಕೊಂಡೇ ವರ್ಷ ಕಳೆಯುವ ನಮ್ಮ ತಾಯಂದಿರಿಗೆ ಬೇಕಾಗಿರುವುದು ಆ ಮಗಳೇ ಅಲ್ಲವೇ?

ಕೊನೆಗೆ ಇಸ್ತಿಖಾರದ ವಿಷಯ. ಅದು ಉಸ್ತಾದರಿಗೆ ಒಪ್ಪಿಸಿ ಕನಸಿಗಾಗಿ ಕಾಯುವ ಕ್ರಿಯೆಯಲ್ಲ. ಬುಖಾರಿಯಲ್ಲಿ ಜಾಬಿರ್‌ರಿಂದ(ರ) ಬಂದ ಹದೀಸಿನಂತೆ, ಕಾರ್ಯಕ್ಕೆ ಮುಂದಾದವನು ತಾನೇ ಎರಡು ರಕಅತ್ ನಮಾಝ್ ಮಾಡಿ ಒಳಿತನ್ನು ಬೇಡುವ ಪ್ರಾರ್ಥನೆ. ಅದರ ಜೊತೆಗೆ ಸಮಾಲೋಚನೆ ಬೇಕು. ಕುರ್‌ಆನಿನ ಒಂದು ಅಧ್ಯಾಯಕ್ಕೆ 'ಶೂರಾ' ಎಂದೇ ಹೆಸರು. ಆದುದರಿಂದ ಅಂದು ನಾವು ತಂದೆಗೆ, "ಪ್ರಾರ್ಥನೆಯನ್ನು ಇವನೇ ಮಾಡಲಿ. ಅದಕ್ಕೂ ಮೊದಲು ಇವನನ್ನು ಕೇಳಿದ್ದೀರಾ?" ಎಂದೆವು. ಕೇಳಿರಲಿಲ್ಲ. ಹುಡುಗ ಮೊದಲ ಬಾರಿಗೆ ತಲೆಯೆತ್ತಿ, "ನನಗೆ ಡೆಂಟಲ್ ಇಷ್ಟ ಉಂಟು. ತಂಗಿಯ ಪಾಲಿನ ಜಾಗ ಮಾರಿ ಓದುವುದು ಮಾತ್ರ ಬೇಡ ಬಾಪಾ" ಎಂದ.

ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಏಜೆಂಟನಿಗೆ ಕೊಡಬೇಕಾಗಿದ್ದ ಮುಂಗಡವನ್ನು ಅವರು ಕೊಡಲಿಲ್ಲ. ಹುಡುಗ ಈಗ ನಮ್ಮ ರಾಜ್ಯದಲ್ಲೇ ಓದುತ್ತಿದ್ದಾನೆ. ಜಾಗ ಹಾಗೆಯೇ ಇದೆ. ಆ ನಿರ್ಧಾರ ಅವನಿಗೆ ಎಷ್ಟು ಫಲ ಕೊಡುತ್ತದೆಂಬುದು ಅಲ್ಲಾಹನಿಗೆ ಗೊತ್ತು. ಈ ವರ್ಷ ಫೈಲು ಹಿಡಿದು ಕುಳಿತಿರುವ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ: ಮೊದಲು ಊರಿನಲ್ಲಿ ಏನಿದೆಯೆಂದು ಹೋಗಿ ನೋಡಿ, ಬಳಿಕ ಮಗುವನ್ನು ಕೇಳಿ, ಆಮೇಲೆ ಅಲ್ಲಾಹನಲ್ಲಿ ಬೇಡಿ. ಅನಂತರ ಊರು ಬಿಡಬೇಕೆಂದೇ ತೋರಿದರೆ ಧೈರ್ಯದಿಂದ ಹೊರಡಿ. ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನು ದಯಪಾಲಿಸಲಿ. ಆಮೀನ್.