ಅಗ್ಗದ ಬೆಲೆಗೆ ಸಿಗುವ ದುಬಾರಿ ಕಾರು

ಹೊಸದಾಗಿದ್ದಾಗ 50 ಲಕ್ಷ ರೂಪಾಯಿ ಬೆಲೆ ಬಾಳುತ್ತಿದ್ದ ಕಾರೊಂದು ಹತ್ತು ಹನ್ನೆರಡು ವರ್ಷಗಳ ಬಳಿಕ ಎಂಟೋ ಹತ್ತೋ ಲಕ್ಷಕ್ಕೆ ಸಿಗುತ್ತದೆಂದಾದರೆ ಯಾರ ಮನಸ್ಸು ತಾನೇ ಅಲುಗಾಡದು? ಅದೇ ಹಣ ಹಿಡಿದುಕೊಂಡು ಶೋರೂಮಿಗೆ ಹೋದರೆ ದೊರೆಯುವುದು ಒಂದು ಸಣ್ಣ ಕಾರು. ಇತ್ತ ಬ್ರೋಕರ್ ತೋರಿಸುತ್ತಿರುವುದು ಮರ್ಸಿಡಿಸ್ ಬೆಂಝ್, ಬಿಎಂಡಬ್ಲ್ಯು ಅಥವಾ ಆಡಿ. 'ಒಂದೂವರೆ ಲಕ್ಷ ಕಿಲೋಮೀಟರ್ ಓಡಿದೆ ನಿಜ, ಆದರೆ ಈ ಎಂಜಿನ್‌ಗೆ ಅದೇನೂ ಲೆಕ್ಕವಲ್ಲ' ಎಂಬ ಭರವಸೆಯೂ ಜೊತೆಗಿರುತ್ತದೆ. ನಮ್ಮ ಪಟ್ಟಣಗಳ ಅನೇಕ ಮನೆಗಳಲ್ಲಿ ಇಂದು ಈ ಚರ್ಚೆ ನಡೆಯುತ್ತಿದೆ. ಕೊಲ್ಲಿ ರಾಷ್ಟ್ರದಿಂದ ಮರಳಿದ ಮಗ ಬೇಕೆನ್ನುತ್ತಾನೆ, ತಂದೆ ಅನುಮಾನಿಸುತ್ತಾರೆ, ತಾಯಿ ಏನೂ ಹೇಳದೆ ಒಳಗೆ ಹೋಗುತ್ತಾರೆ. ಇದು ಕೇವಲ ವಾಹನದ ವಿಷಯ, ಪತ್ರಿಕೆಯ ಸಂಪಾದಕೀಯಕ್ಕೆ ಇದರಲ್ಲೇನು ಕೆಲಸ ಎಂದು ಕೆಲವರು ಪ್ರಶ್ನಿಸಬಹುದು. ಆದರೆ ಆ ಎಂಟು ಲಕ್ಷವು ಎಷ್ಟೋ ಸಂದರ್ಭಗಳಲ್ಲಿ ಆ ಮನೆಯ ಇಡೀ ಉಳಿತಾಯವಾಗಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಅಷ್ಟಕ್ಕೂ 50 ಲಕ್ಷದ ಕಾರು ಎಂಟು ಲಕ್ಷಕ್ಕೆ ಇಳಿಯುವುದಾದರೂ ಏಕೆ? ಮೊದಲ ಮಾಲಕ ಶ್ರೀಮಂತ. ವಾರಂಟಿ ಮುಗಿಯುವ ಹೊತ್ತಿಗೆ ಆತ ಹೊಸ ಮಾದರಿಯತ್ತ ಹೊರಳುತ್ತಾನೆ. ಎರಡನೆಯವನು ಕೆಲವು ವರ್ಷ ಓಡಿಸಿ, ಮೊದಲ ದೊಡ್ಡ ಬಿಲ್ಲು ಬಂದಾಗ ಕೈಬಿಡುತ್ತಾನೆ. ಮೂರನೆಯವನಾಗಿ ನಾವು ಪ್ರವೇಶಿಸುತ್ತೇವೆ. ಇಲ್ಲಿ ಅರ್ಥ ಮಾಡಿಕೊಳ್ಳಲೇಬೇಕಾದ ಒಂದು ಸಂಗತಿಯಿದೆ. ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆದರೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಬ್ರೇಕು, ಹೆಡ್‌ಲೈಟು, ಗೇರ್‌ಬಾಕ್ಸ್, ಸೆನ್ಸರ್ ಇವೆಲ್ಲ ಇಂದಿಗೂ 50 ಲಕ್ಷದ ಕಾರಿನ ಭಾಗಗಳೇ. ಕೊಳ್ಳುವವನು ಹಳೆಯ ಕಾರಿನ ಬೆಲೆ ಕೊಟ್ಟು ಒಳಗೆ ಕುಳಿತುಕೊಳ್ಳುತ್ತಾನೆ, ಆ ಬಳಿಕ ಹೊಸ ಕಾರಿನ ಬೆಲೆಯಲ್ಲಿ ಅದನ್ನು ಸಾಕುತ್ತಾನೆ. ಆದ್ದರಿಂದ 'ನಮ್ಮಲ್ಲಿ ಎಂಟು ಲಕ್ಷ ಇದೆಯೇ' ಎಂಬ ಪ್ರಶ್ನೆಗೆ ಇಲ್ಲಿ ಹೆಚ್ಚಿನ ಅರ್ಥವಿಲ್ಲ. 50 ಲಕ್ಷದ ಕಾರನ್ನು ಸಾಕುವ ಆದಾಯ ನಮಗಿದೆಯೇ ಎಂದು ಕೇಳಿಕೊಳ್ಳಬೇಕು.

ಹೆಚ್ಚು ಓಡಿದ ಕಾರಿನಲ್ಲಿ ಈ ಖರ್ಚು ಎಲ್ಲಿಂದ ಬರುತ್ತದೆ ಎಂಬುದನ್ನು ಕೆಲವು ಉದಾಹರಣೆಗಳಿಂದ ನೋಡೋಣ. ಬಿಎಂಡಬ್ಲ್ಯು ಕಾರುಗಳಲ್ಲಿ ಜರ್ಮನಿಯ ಝಡ್‌ಎಫ್ ಕಂಪೆನಿಯ ಎಂಟು ಗೇರುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದೆ. ಅದರ ಆಯಿಲನ್ನು ಜೀವನಪರ್ಯಂತ ಬದಲಿಸಬೇಕಿಲ್ಲ ಎಂದು ಕಾರು ಮಾರುವವರು ಹೇಳುತ್ತಾರೆ. ಆದರೆ ಗೇರ್‌ಬಾಕ್ಸ್ ತಯಾರಿಸಿದ ಝಡ್‌ಎಫ್, ಬಳಕೆಗೆ ತಕ್ಕಂತೆ 80 ಸಾವಿರದಿಂದ 1 ಲಕ್ಷದ 20 ಸಾವಿರ ಕಿ.ಮೀ.ಗಳೊಳಗೆ ಅಥವಾ ಎಂಟು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಹೇಳುತ್ತದೆ. ಒಂದೂವರೆ ಲಕ್ಷ ಕಿ.ಮೀ. ಓಡಿದ ಕಾರಿನಲ್ಲಿ ಆ ಕೆಲಸ ಆಗಿದೆಯೇ? ಬಿಲ್ಲು ತೋರಿಸದಿದ್ದರೆ ಆಗಿಲ್ಲವೆಂದೇ ತಿಳಿಯಬೇಕು.

ಅದೇ ಕಂಪೆನಿಯ ಎನ್47 ಎಂಬ 2 ಲೀಟರಿನ ಡೀಸೆಲ್ ಎಂಜಿನ್ ಬಂದದ್ದು 2007ರಲ್ಲಿ. ನಮ್ಮ ದೇಶದಲ್ಲಿ ಮಾರಾಟವಾದ ಅನೇಕ 320ಡಿ, 520ಡಿ ಕಾರುಗಳಲ್ಲಿ ಇರುವುದು ಇದೇ ಎಂಜಿನ್. ಇದರ ಟೈಮಿಂಗ್ ಚೈನ್ ಎಂಜಿನ್ನಿನ ಮುಂಭಾಗದಲ್ಲಿಲ್ಲ, ಗೇರ್‌ಬಾಕ್ಸ್ ಕೂಡುವ ಹಿಂಭಾಗದಲ್ಲಿದೆ. ಚೈನ್ ಸವೆದು ಸದ್ದು ಮಾಡತೊಡಗಿದರೆ, ಅದನ್ನು ಬದಲಿಸಲು ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕೆಳಗಿಳಿಸಬೇಕು. ಬಿಡಿಭಾಗಕ್ಕಿಂತ ಕೂಲಿಯೇ ಹೆಚ್ಚು. ನಿರ್ಲಕ್ಷಿಸಿ ಅದು ತುಂಡಾದರೆ ಎಂಜಿನ್ನೇ ಹೋಗುತ್ತದೆ. ಗಾಳಿಯ ಸಸ್ಪೆನ್ಷನ್ ಇರುವ ದೊಡ್ಡ ಕಾರುಗಳ ಕತೆ ಬೇರೆ. ಅವುಗಳ ರಬ್ಬರ್ ಚೀಲಗಳು ಕಿಲೋಮೀಟರಿಗಿಂತ ವಯಸ್ಸಿಗೆ ಹೆಚ್ಚು ಹೆದರುತ್ತವೆ. ಬಿರುಕು ಬಿಟ್ಟರೆ ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಒಂದು ಬದಿಗೆ ಕುಸಿದಿರುತ್ತದೆ. ಸೋರುವ ಗಾಳಿಯನ್ನು ತುಂಬಲು ಹೆಣಗಿ ಕಂಪ್ರೆಸರ್ ಕೂಡ ಸುಟ್ಟುಹೋಗುತ್ತದೆ. ನಮ್ಮ ಊರಿನ ಹಂಪುಗಳನ್ನೂ ಮಳೆಗಾಲದ ಹೊಂಡಗಳನ್ನೂ ನಾವಿಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಹಾಗೆಂದು ಹೆಚ್ಚು ಓಡಿದ ಕಾರುಗಳೆಲ್ಲ ಕೆಟ್ಟವು ಎಂಬುದು ನಮ್ಮ ವಾದವಲ್ಲ. ಬಿಡದಿಯಲ್ಲಿ ತಯಾರಾಗಿ 2005ರಲ್ಲಿ ರಸ್ತೆಗಿಳಿದ ಇನ್ನೋವಾ ಎರಡು ಲಕ್ಷ ಕಿ.ಮೀ. ಓಡಿದ ಬಳಿಕವೂ ನಿಶ್ಚಿಂತೆಯಿಂದ ಮಾರಾಟವಾಗುತ್ತದೆ. ಏಕೆಂದರೆ ಅದನ್ನು ರಿಪೇರಿ ಮಾಡಬಲ್ಲ ಮೆಕ್ಯಾನಿಕ್ ಪ್ರತಿ ತಾಲೂಕಿನಲ್ಲೂ ಇದ್ದಾನೆ. ಎರಡು ಲಕ್ಷ ಎಂಬ ಅಂಕಿ ಒಂದೇ ಆದರೂ ಇನ್ನೋವಾದಲ್ಲಿ ಅದರ ಅರ್ಥ ಒಂದು, ಬೆಂಝ್‌ನಲ್ಲಿ ಇನ್ನೊಂದು. ಭಟ್ಕಳದಲ್ಲೋ ಗಂಗಾವತಿಯಲ್ಲೋ ಬೆಂಝ್ ನಿಂತುಹೋದರೆ ಅದನ್ನು ಲಾರಿಯ ಮೇಲೆ ಹೇರಿ ನೂರಾರು ಕಿ.ಮೀ. ದೂರದ ನಗರಕ್ಕೆ ಸಾಗಿಸಬೇಕು. ಅಲ್ಲಿ ಕಂಪ್ಯೂಟರ್ ಜೋಡಿಸಿ ದೋಷ ಪತ್ತೆ ಹಚ್ಚುವ ವೇಳೆಗೇ ಒಂದು ಮೊತ್ತ ಖರ್ಚಾಗಿರುತ್ತದೆ.

ಇನ್ನೊಂದು ವಿಚಿತ್ರವೂ ಇದೆ. ಕಡಿಮೆ ಓಡಿದ ಕಾರೇ ಒಳ್ಳೆಯದೆಂದು ನಾವೆಲ್ಲ ನಂಬಿದ್ದೇವೆ. ಆದರೆ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಕಾರು ಹೆದ್ದಾರಿಯಲ್ಲಿ ನಿರಂತರ ಓಡಿ ಬಿಸಿಯಾದಾಗ ಮಾತ್ರ ಆ ಮಸಿ ಸುಟ್ಟು ಸ್ವಚ್ಛವಾಗುತ್ತದೆ. ಮನೆಯಿಂದ ಶಾಲೆಗೆ, ಶಾಲೆಯಿಂದ ಮಾರುಕಟ್ಟೆಗೆ ಓಡಾಡಿದ 60 ಸಾವಿರ ಕಿ.ಮೀ.ಗಳ ಕಾರಿನಲ್ಲಿ ಅದು ಕಟ್ಟಿಕೊಂಡಿರಬಹುದು. ಬೆಂಗಳೂರು-ಹುಬ್ಬಳ್ಳಿ ನಡುವೆ ಓಡಿದ, ಪ್ರತಿ ಸರ್ವಿಸಿನ ದಾಖಲೆಯಿರುವ 1 ಲಕ್ಷದ 40 ಸಾವಿರ ಕಿ.ಮೀ.ಗಳ ಕಾರು ಅದಕ್ಕಿಂತ ಎಷ್ಟೋ ಮೇಲು. ನಮ್ಮ ಪಟ್ಟಣದ ಓಡಾಟಕ್ಕೆ ಇಂಥ ಡೀಸೆಲ್ ಕಾರು ಹೊಂದುತ್ತದೆಯೇ ಎಂಬ ಪ್ರಶ್ನೆಯೂ ಇದರೊಳಗೇ ಇದೆ. ದಿನಕ್ಕೆ ಎಂಟು ಹತ್ತು ಕಿ.ಮೀ. ಓಡಿಸುವವರಿಗೆ ಹೊಂದುವುದಿಲ್ಲ ಎಂಬುದೇ ನಮ್ಮ ಉತ್ತರ.

ಮೀಟರಿನ ಅಂಕಿಯನ್ನೇ ನಂಬುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಇಂದಿನ ಮೀಟರನ್ನು ಲ್ಯಾಪ್‌ಟಾಪ್ ಜೋಡಿಸಿ ಹಿಂದಕ್ಕೆ ತಿರುಗಿಸುತ್ತಾರೆ. ಆದರೆ ಈ ದೊಡ್ಡ ಕಾರುಗಳಲ್ಲಿ ಓಡಿದ ದೂರದ ಲೆಕ್ಕ ಬೇರೆ ಬೇರೆ ಕಂಪ್ಯೂಟರ್ ಘಟಕಗಳಲ್ಲಿ ದಾಖಲಾಗಿರುತ್ತದೆ. ಮೀಟರನ್ನು ತಿದ್ದಿದವನು ಉಳಿದವನ್ನು ಮರೆತಿರುವುದುಂಟು. ಚಾಸಿ ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿದರೆ ಹಿಂದಿನ ಸರ್ವಿಸುಗಳ ಲೆಕ್ಕವೂ ಹೊರಬರುತ್ತದೆ. 70 ಸಾವಿರ ಎಂದು ತೋರಿಸುವ ಕಾರಿನ ಬ್ರೇಕ್ ಪೆಡಲ್ ಸವೆದಿದ್ದರೆ, ಸ್ಟಿಯರಿಂಗಿನ ಚರ್ಮ ಮಿರುಗುತ್ತಿದ್ದರೆ, ಚಾಲಕನ ಸೀಟಿನ ಅಂಚು ಕುಸಿದಿದ್ದರೆ ಬೇರೆ ಸಾಕ್ಷಿಯ ಅಗತ್ಯವಿಲ್ಲ.

ಈ ಕಾರುಗಳು ಎಲ್ಲಿಂದ ಬರುತ್ತವೆ ಎಂಬುದರಲ್ಲಿ ಒಂದಿಷ್ಟು ರಾಜಕೀಯವೂ ಇದೆ. ದಿಲ್ಲಿಯ ವಾಯುಮಾಲಿನ್ಯದ ಕಾರಣಕ್ಕಾಗಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಅಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಮ್ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. 2025ರ ಆಗಸ್ಟ್‌ನಲ್ಲಿ ಅದೇ ಕೋರ್ಟು, ಬರೇ ವಯಸ್ಸನ್ನು ನೋಡಿ ಮಾಲಕರ ಮೇಲೆ ಕಠಿಣ ಕ್ರಮ ಕೈಗೊಳ್ಳಬಾರದೆಂದು ಮಧ್ಯಂತರ ಆದೇಶ ನೀಡಿತು. ಈ ನಡುವಿನ ವರ್ಷಗಳಲ್ಲಿ ಹತ್ತರ ಗಡಿಯ ಹತ್ತಿರ ಬಂದ ಐಷಾರಾಮಿ ಡೀಸೆಲ್ ಕಾರುಗಳು ಅಲ್ಲಿ ಕೈಗೆ ಬಂದ ಬೆಲೆಗೆ ಬಿಕರಿಯಾಗಿ ದಕ್ಷಿಣದತ್ತ ಹೊರಟವು. ದಿಲ್ಲಿಯವರ ಶ್ವಾಸಕೋಶಕ್ಕೆ ಸಲ್ಲದ ಹೊಗೆ ದಾವಣಗೆರೆಯ ಮಕ್ಕಳಿಗೆ ಸಲ್ಲುವುದು ಹೇಗೆಂದು ಆಳುವವರಲ್ಲಿ ಯಾರೂ ಕೇಳಲಿಲ್ಲ. ದಿಲ್ಲಿಯ ಕಾರು ಅಗ್ಗವೆಂದು ಹೊರಡುವವರು ನಮ್ಮ ರಾಜ್ಯದ ಜೀವಾವಧಿ ತೆರಿಗೆಯನ್ನೂ ನೆನಪಿನಲ್ಲಿಡಬೇಕು. ಕಾರಿನ ವಯಸ್ಸಿಗೆ ತಕ್ಕಂತೆ ತೆರಿಗೆ ಕಡಿಮೆಯಾಗುತ್ತದೆ ನಿಜ. ಆದರೆ ಲೆಕ್ಕ ಆರಂಭವಾಗುವುದು ಅದು ಹೊಸದಾಗಿದ್ದಾಗಿನ ಬೆಲೆಯಿಂದಲೇ ಹೊರತು ನೀವು ಕೊಟ್ಟ ಎಂಟು ಲಕ್ಷದಿಂದಲ್ಲ. ಅಲ್ಲದೆ ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಹನ್ನೆರಡು ವರ್ಷದ ಕಾರು ಕೊಂಡವನಿಗೆ ಮೂರೇ ವರ್ಷಗಳಲ್ಲಿ ನವೀಕರಣದ ಸರದಿ ಬರುತ್ತದೆ. ಅದರ ಶುಲ್ಕವನ್ನು 2022ರ ಎಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು.

ದಿಲ್ಲಿಯ ಕಾರಿಗಿಂತಲೂ ಅಪಾಯಕಾರಿಯಾದುದು ನೆರೆಯಲ್ಲಿ ಮುಳುಗಿದ ಕಾರು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ನೆರೆ ಬಂದಾಗ ಕಾರುಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಇಂಥವುಗಳನ್ನು ವಿಮಾ ಕಂಪೆನಿಗಳು ಹರಾಜು ಹಾಕುತ್ತವೆ. ತೊಳೆದು, ಒಣಗಿಸಿ, ಸುಗಂಧ ಚಿಮುಕಿಸಿದ ಬಳಿಕ ಅವು ಮಾರುಕಟ್ಟೆಗೆ ಮರಳುತ್ತವೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿದರೆ ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಕಾಣಬಹುದು. ಸೀಟಿನ ಕೆಳಗಿನ ಕಬ್ಬಿಣದ ಹಳಿ ತುಕ್ಕು ಹಿಡಿದಿರಬಹುದು. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದ ಘಟನೆ ನಮಗೆಲ್ಲ ತಿಳಿದಿದೆ. ಮೇಲೆ ಒಣಗಿದ್ದ ಧಾನ್ಯ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ಪ್ರಶ್ನಿಸಿದರು, ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಆ ವ್ಯಾಪಾರಿ ಧಾನ್ಯವನ್ನು ತಾನಾಗಿ ನೆನೆಸಿರಲಿಲ್ಲ, ಮುಚ್ಚಿಟ್ಟಿದ್ದ, ಅಷ್ಟೆ. ಹಳೆಯ ಕಾರುಗಳ ವ್ಯಾಪಾರದಲ್ಲಿಯೂ ಗ್ಯಾರೇಜುಗಳಲ್ಲಿಯೂ ನಮ್ಮ ಸಮುದಾಯದವರು ಕಡಿಮೆಯೇನಿಲ್ಲ. ದೋಷವನ್ನು ಮುಚ್ಚಿಟ್ಟು ಮಾರಿದರೆ ಸರಕನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ ಎಂದು ನಮ್ಮ ಕರ್ಮಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ, ಖಿಯಾರುಲ್ ಐಬ್ ಎಂಬ ಅಧ್ಯಾಯವೇ ಅದಕ್ಕಿದೆ. ಐದು ಹೊತ್ತು ಸಾಲಿನಲ್ಲಿ ನಿಂತು ನಮಾಝ್ ಮಾಡುವವನು ಮೀಟರ್ ತಿರುಗಿಸಿದ ಕಾರನ್ನು ಪಕ್ಕದಲ್ಲಿ ನಿಂತವನಿಗೇ ಮಾರುವುದೆಂದರೇನು? 'ಕೇಳಿದ್ದರೆ ಹೇಳುತ್ತಿದ್ದೆ' ಎಂಬ ಸಬೂಬು ಇಲ್ಲಿ ನಡೆಯದು.

ದೇಶದ ಕಾನೂನು ಕೂಡ ಈಚೆಗೆ ಕಣ್ಣು ತೆರೆದಿದೆ. ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಪ್ರಾಧಿಕಾರದಿಂದ ಅಧಿಕೃತ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ 2023ರ ಎಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂಥ ಪತ್ರ ಇದೆಯೇ ಎಂದು ಕೇಳಲು ಸಂಕೋಚವೇಕೆ? ವ್ಯಾಪಾರಿ ವಂಚಿಸಿದರೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ಖಾಸಗಿ ವ್ಯಕ್ತಿಯಿಂದ ನೇರ ಕೊಂಡಾಗ ಆ ಆಸರೆ ಇರುವುದಿಲ್ಲ.

ಕೊಲ್ಲಿ ರಾಷ್ಟ್ರಗಳಲ್ಲಿದ್ದು ಬಂದವರು 'ಅಲ್ಲಿ ಎರಡು ಲಕ್ಷ ಓಡಿದ ಬೆಂಝನ್ನೇ ವರ್ಷಗಟ್ಟಲೆ ಓಡಿಸಿದ್ದೇವೆ' ಎನ್ನುತ್ತಾರೆ. ಅದು ನಿಜವೇ. ಅಲ್ಲಿ ನುಣುಪಾದ ಹೆದ್ದಾರಿಗಳಿವೆ. ಶಾರ್ಜಾದ ಕೈಗಾರಿಕಾ ಪ್ರದೇಶದಲ್ಲಿ ಸಾಲು ಸಾಲು ಗ್ಯಾರೇಜುಗಳಿವೆ, ಹಳೆಯ ಬಿಡಿಭಾಗಗಳ ದೊಡ್ಡ ಪೇಟೆಯೇ ಇದೆ. ಆ ಪೇಟೆಯನ್ನು ಊರಿಗೆ ಹೊತ್ತು ತರಲಾಗದು. ಇಲ್ಲಿನ ವಿಮೆಯಾದರೂ ಕೈ ಹಿಡಿಯುತ್ತದೆಯೇ ಎಂದರೆ, ಸವೆದು ಕೆಟ್ಟ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ವಿಮೆ ಹಣ ಕೊಡುವುದಿಲ್ಲ. ಅಪಘಾತವಾದರೂ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಕಳೆದೇ ಕೊಡುತ್ತಾರೆ. ಇಷ್ಟರ ಮೇಲೆ ಕಾರಿಗಾಗಿ ಬಡ್ಡಿಯ ಸಾಲ ಮಾಡುವವರಿದ್ದಾರೆ, ಹೆಂಡತಿಯ ಚಿನ್ನವನ್ನು ಅಡವಿಡುವವರಿದ್ದಾರೆ. ಮದುವೆ ಹಾಲ್‌ನ ಮುಂದೆ ಒಂದು ದಿನ ನಿಲ್ಲುವ ಗೌರವಕ್ಕಾಗಿ ಮನೆಯ ಹೆಣ್ಣುಮಗಳ ಬಳೆ ಬ್ಯಾಂಕಿಗೆ ಹೋಗುವುದನ್ನು ನಾವು ಯಾವ ಹೆಸರಿನಿಂದಲೂ ಸಮರ್ಥಿಸಲಾರೆವು.

ಹಾಗಾದರೆ ಯಾರೂ ಕೊಳ್ಳಲೇಬಾರದೇ? ಕೊಳ್ಳಬಹುದು. ಮನೆಯಲ್ಲಿ ದಿನನಿತ್ಯದ ಓಡಾಟಕ್ಕೆ ಬೇರೊಂದು ವಾಹನ ಇರುವವರು, ವಾರಕ್ಕೆರಡು ಬಾರಿಯಾದರೂ ಹೆದ್ದಾರಿಯಲ್ಲಿ ದೂರ ಪ್ರಯಾಣಿಸುವ ವ್ಯಾಪಾರಿಗಳು, ಈ ಕಾರುಗಳನ್ನು ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿರುವವರು, ಸಾಲವಿಲ್ಲದೆ ಕೊಂಡು ಆ ಬಳಿಕವೂ ಕೊಂಡ ಬೆಲೆಯ ನಾಲ್ಕನೇ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದೇ ಬದಿಗಿಡಬಲ್ಲವರು ಕೊಂಡರೆ ಅದರಲ್ಲಿ ತಪ್ಪೇನಿಲ್ಲ. ಗಟ್ಟಿ ಬಾಡಿ, ಒಳ್ಳೆಯ ಬ್ರೇಕು, ಪ್ರಯಾಣದ ಸುಖ ಇವು ಸುಳ್ಳಲ್ಲ. ಆದರೆ ಇಡೀ ಮನೆಗೆ ಇರುವುದೊಂದೇ ಕಾರು, ಮಗಳ ಕಾಲೇಜಿಗೂ ತಾಯಿಯ ಆಸ್ಪತ್ರೆಗೂ ಅದೇ ಬೇಕು ಎನ್ನುವ ಕುಟುಂಬಕ್ಕೆ ಇದು ಹೇಳಿಸಿದ್ದಲ್ಲ. 2025ರ ಸೆಪ್ಟಂಬರಿನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿಯನ್ನು ಶೇ. 28ರಿಂದ 18ಕ್ಕೆ ಇಳಿಸಿದ ಬಳಿಕ ಅಂಥವರ ಆಯ್ಕೆ ಇನ್ನಷ್ಟು ಸುಲಭವಾಗಿದೆ.

ಆದರೂ ಕೊಳ್ಳುವೆವೆಂದು ನಿರ್ಧರಿಸಿದವರು ಮುಂಗಡ ಕೊಡುವ ಮುನ್ನ ಆ ಕಾರನ್ನು ಒಂದು ದಿನದ ಮಟ್ಟಿಗೆ ಅದೇ ಕಂಪೆನಿಯ ಸರ್ವಿಸ್ ಕೇಂದ್ರಕ್ಕೆ ಒಯ್ದು ತಪಾಸಣೆ ಮಾಡಿಸಬೇಕು. ಕೆಲವು ಸಾವಿರ ರೂಪಾಯಿಗಳ ಕೆಲಸವದು. ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಮಾರುವವನ ಮನೆಗೆ ಹೋಗಿ ಸ್ಟಾರ್ಟ್ ಮಾಡಿಸಿ ಸದ್ದು ಕೇಳಬೇಕು. ಸಾಲ ಬಾಕಿಯಿದೆಯೇ, ಎಷ್ಟನೆಯ ಮಾಲಕ ಎಂಬುದನ್ನು ಸಾರಿಗೆ ಇಲಾಖೆಯ ದಾಖಲೆಯಲ್ಲಿಯೇ ನೋಡಿಕೊಳ್ಳಬೇಕು. ತಪಾಸಣೆಗೆ ಕಾರು ಕೊಡಲು ಮಾರುವವನು ಒಪ್ಪದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಎದ್ದು ಬರುವುದೇ ಲೇಸು.