ಉಗುರಿಗೆ ಹಾಲು ಬಂದರೆ ಸಾಕೆ?

ಮಳೆಗಾಲದಲ್ಲಿ ಡೊಂಬಿವಲಿ ಸ್ಟೇಷನ್ ಹೊರಗೆ ಭುಟ್ಟಾ ಕೊಳ್ಳುವಾಗ ನಾವೆಲ್ಲ ಸಿಪ್ಪೆ ಸರಿಸಿ ಕಾಳಿಗೆ ಉಗುರು ಚುಚ್ಚುತ್ತೇವೆ. ಹಾಲು ಚಿಮ್ಮಿತೋ, ಎಳೆಯದು, ಸುಡಪ್ಪಾ! ಊರು ಬಿಟ್ಟು ಮೂವತ್ತು ವರ್ಷವಾದ ಮೇಲೆ ಗೋವಿನಜೋಳದ ಬಗ್ಗೆ ನನಗೆ ಉಳಿದಿದ್ದ ಜ್ಞಾನ ಇಷ್ಟೇ.

ಹೋದ ವರ್ಷ ಹಾವೇರಿ ಕಡೆಯ ನಮ್ಮೂರಿಗೆ ಹೋದಾಗ ತಮ್ಮ ರಸಮೇವಿನ ಗುಂಡಿ ತೆರೆದು ತೋರಿಸಿದ. ಅದೇ, ಸೈಲೇಜ್. ಮೇಲೆಲ್ಲ ಬೂಸ್ಟು, ಒಳಗೆ ಕೈ ಇಟ್ಟರೆ ಬಿಸಿ. ಆಕಳು ಮೂಸಿ ಮುಖ ತಿರುಗಿಸಿದವು.

"ಏನ್ ಮಾಡ್ಲಿ ಅಣ್ಣಾ, ರೇಟ್ ಬಂದ್ರ ಕಾಳು ಮಾರೂಣು, ಇಲ್ಲಾಂದ್ರ ಮೇವು ಮಾಡೂಣು ಅಂತ ಕಾದೆ" ಅಂದ.

ನನ್ನ ತಕರಾರು ಈ ಕಾಯುವುದರ ಬಗ್ಗೆಯೇ. ಎರಡು ದೋಣಿಯಲ್ಲಿ ಕಾಲಿಟ್ಟರೆ ಕಾಳೂ ಇಲ್ಲ, ಮೇವೂ ಇಲ್ಲ. ಆಕಳಿಗೆ ಎಷ್ಟು ಗುಂಟೆ ಎಂದು ಬಿತ್ತುವಾಗಲೇ ಗುರುತು ಮಾಡಬೇಕು. ಆಮೇಲೆ ಪೇಟೆ ದರ ನೋಡಬಾರದು, ತೆನೆ ನೋಡಬೇಕು.

ನೋಡುವುದು ಸುಲಭ. ತೆನೆಯನ್ನು ನಡುವೆ ಮುರಿದರೆ ಕಾಳಿನ ಮೇಲ್ಭಾಗ ಗಟ್ಟಿ ಹಿಟ್ಟು, ಬುಡದಲ್ಲಿ ಹಾಲು. ಎರಡರ ನಡುವಿನ ಗೆರೆ ದಿನದಿನಕ್ಕೆ ಬುಡದ ಕಡೆ ಇಳಿಯುತ್ತದೆ. ಅರ್ಧಕ್ಕೆ ಬಂತೆಂದರೆ ಕೊಯ್ಲಿಗೆ ಸಜ್ಜಾಗಬೇಕು, ಮುಕ್ಕಾಲು ದಾಟಲು ಬಿಡಬಾರದು. ಆಗ ಇಡೀ ಗಿಡದಲ್ಲಿ ನೀರು ಸುಮಾರು ಶೇ. 65ರಿಂದ 70 ಇರುತ್ತದೆ.

ಅದಕ್ಕಿಂತ ಮುಂಚೆ, ಅಂದರೆ ನಮ್ಮ ಭುಟ್ಟಾ ಹದದಲ್ಲಿ ಕೊಯ್ದರೆ, ನೀರು ಹೆಚ್ಚು. ಗುಂಡಿಯಿಂದ ರಸ ಸೋರಿ ಸತ್ವವೂ ಹೋಗುತ್ತದೆ, ಮೇವು ನಾರುತ್ತದೆ. ಕಾಳಿನಲ್ಲಿ ಹಿಟ್ಟೂ ತುಂಬಿರುವುದಿಲ್ಲ. ತಡವಾದರೆ ಒಣಗಿದ ದಂಟು ಎಷ್ಟು ತುಳಿದರೂ ಅದುಮಿ ಕೂರುವುದಿಲ್ಲ. ಒಳಗೆ ಗಾಳಿ ಉಳಿದರೆ ಮೇವನ್ನು ಹುಳಿ ಮಾಡಿ ಕಾಯುವ ಸೂಕ್ಷ್ಮಜೀವಿಗಳು ಸೋಲುತ್ತವೆ, ಬೂಸ್ಟು ಗೆಲ್ಲುತ್ತದೆ. ಗಟ್ಟಿಯಾದ ಕಾಳು ಅರಗದೆ ಸಗಣಿಯಲ್ಲೇ ಹೊರಬರುತ್ತದೆ. ತಮ್ಮನಿಗೆ ಆದದ್ದು ಇದೇ. ಬೂಸ್ಟು ಹಿಡಿದದ್ದನ್ನು ಎಸೆದು, ಹಿಂಡಿಗೆ ಸಾಲ ಮಾಡಿದ.

ಕತ್ತರಿಸುವ ಮಷೀನು ಸಿಗಲಿಲ್ಲ, ಆಳು ಬರಲಿಲ್ಲ ಎನ್ನುವುದೂ ನಿಜವೇ. ಆದರೆ ಗೆರೆ ಅವರಿಗಾಗಿ ನಿಲ್ಲುವುದಿಲ್ಲ, ಬಿಸಿಲು ಬಿದ್ದರೆ ಇನ್ನೂ ಬೇಗ ಇಳಿಯುತ್ತದೆ. ಮಷೀನನ್ನು ಮೊದಲೇ ಗೊತ್ತು ಮಾಡಿಡಬೇಕು.

ಇದರಲ್ಲಿ ನನ್ನ ತಪ್ಪೂ ಇದೆ. ಆಕಳು ಕೊಳ್ಳಲು ಇಲ್ಲಿಂದ ದುಡ್ಡು ಕಳಿಸಿದೆ, ಮೇವಿನ ಮಾತು ಒಮ್ಮೆಯೂ ಕೇಳಲಿಲ್ಲ. ನಿಮ್ಮಲ್ಲೂ ಹಾಗೆ ಕಳಿಸುವವರು ಇದ್ದೀರಿ. ಈ ಸಲ ಭುಟ್ಟಾಕ್ಕೆ ಉಗುರು ಚುಚ್ಚಿದಾಗ ಊರಿಗೊಂದು ಫೋನ್ ಮಾಡಿ. "ರೇಟ್ ಎಷ್ಟೈತಿ?" ಅನ್ನಬೇಡಿ, "ತೆನಿ ಮುರದು ನೋಡಿದ್ಯಾ?" ಅಂತ ಕೇಳಿ. ಏನಂತೀರಿ?