ಬಿಟ್ಟಿ ದುಡಿಮೆ, ಕೋಟಿ ಗಳಿಕೆ

ರಕ್ತದಾನ ಮಾಡಿ ಎಂದು ಸದಾ ಹೇಳುವ ಈ ಡಾಕ್ಟರು, ಶ್ರಮದಾನಕ್ಕೆ ಮಾತ್ರ ಸ್ವಲ್ಪ ತಾಳಿ ಎನ್ನುತ್ತಿದ್ದಾನೆ.

ಕಂಪ್ಯೂಟರಿಗೆ ಸಿ.ಡಿ. ಹಾಕಿದೊಡನೆ ಹಾಡುಗಳ ಹೆಸರು ಮೂಡುತ್ತಿತ್ತಲ್ಲ? ಸಿಡಿಡಿಬಿ ಎಂಬ ಆ ಪಟ್ಟಿಗೆ ಹೆಸರುಗಳನ್ನು ಟೈಪ್ ಮಾಡಿಕೊಟ್ಟವರು ಸಾವಿರಾರು ಸಂಗೀತಪ್ರಿಯರು, ಬಿಟ್ಟಿಯಾಗಿ. 1998ರಲ್ಲಿ ಅದು ಕಂಪನಿಯೊಂದರ ಪಾಲಾಯಿತು. ಮುಂದೆ ಗ್ರೇಸ್‌ನೋಟ್ ಎಂದು ಹೆಸರು ಬದಲಾಯಿತು. 2008ರಲ್ಲಿ ಸೋನಿ ಅದನ್ನು ಸುಮಾರು 26 ಕೋಟಿ ಡಾಲರಿಗೆ ಕೊಂಡಿತು. ಯಾರದೋ ಬೆವರು, ಯಲ್ಲಮ್ಮನ ಜಾತ್ರೆ!

ಕನ್ನಡ ವಿಕಿಪೀಡಿಯಕ್ಕೆ ಬರೆಯುವುದೂ ಬಿಟ್ಟಿ ದುಡಿಮೆಯೇ. ಆದರೆ ಅಲ್ಲಿನ ಪರವಾನಗಿಯಿಂದಾಗಿ ಬರೆದದ್ದು ಎಲ್ಲರ ಬಳಕೆಗೂ ಉಳಿಯುತ್ತದೆ. ವ್ಯತ್ಯಾಸ ಇಷ್ಟೇ.

ರಕ್ತ ಏರಿಸುವ ಮುನ್ನ ಗುಂಪು ನೋಡುತ್ತೇವೆ. ಅಂತರ್ಜಾಲದಲ್ಲಿ ಶ್ರಮದಾನಕ್ಕಿಳಿಯುವ ಮುನ್ನ ನೀವೂ ಮಕ್ಕಳೂ ಷರತ್ತು ಓದಿ: ನಾಳೆ ಇದು ಯಾರ ಸೊತ್ತು?